ಓಲೆಗರಿಯಿಂದ ಕಲ್ಲಚ್ಚಿಗೆ: ಹರ್ಮನ್ ಮೋಗ್ಲಿಂಗ್

ವಿದ್ಯೆಗೆ ಗುರು ಎಷ್ಟು ಅಗತ್ಯವೋ ಸಾಧನವೂ ಅಷ್ಟೇ ಅಗತ್ಯ. ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದ ಕಾಲವೊಂದಿತ್ತು; ಓಲೆಗರಿಯ ಮೇಲೆ ಕಂಟದಿಂದ ಕೊರೆದು ಕಾವ್ಯಗಳನ್ನು ಕಾಪಾಡಿಕೊಂಡ ಕಾಲವೊಂದಿತ್ತು; ಆಮೇಲೆ ಹಲಗೆ ಬಳಪಗಳು ಬಂದುವು, ಅಚ್ಚಿನ ಪುಸ್ತಕ ಬಂದಿತು. ಈಗ ಅಂತರ್ಜಾಲದ ಸರದಿ. ಮಡಿಕೇರಿ ಕುಶಾಲನಗರಗಳ ನಡುವಣ ಹೆದ್ದಾರಿಯಲ್ಲಿ, ಕಾಫಿಯ ತೋಟಗಳ ನಡುವೆ ಇರುವ ಸುಂಟಿಕೊಪ್ಪದಂಥ ಊರಿನ ಶಾಲಾಬಾಲಕನೊಬ್ಬನು ಅಂಗೈಯೊಳಗಿನ ಯಂತ್ರದಲ್ಲಿಯೇ ನಿಘಂಟನ್ನು ನೋಡಬಲ್ಲ, ಗಣಿತದ ಪಾಠ ಕೇಳಬಲ್ಲ, ಹಳೆಯ ಗ್ರಂಥಗಳ ಪುಟಗಳನ್ನು ಮಗುಚಬಲ್ಲ. ಉಪಯುಕ್ತವಾದ ಜಾಲತಾಣವೊಂದು ಯಾವುದು, ಕಲಿಯುವಾಗ ಬೇಸರ ಬಾರದಂಥ ತಂತ್ರಾಂಶ ಯಾವುದು ಎಂದು ಹುಡುಕುವುದೇ ಇಂದಿನ ವಿದ್ಯಾರ್ಥಿಗೂ ಅಧ್ಯಾಪಕನಿಗೂ ಒಂದು ಕೆಲಸವಾಗಿದೆ.

ಇಂಥ ಹುಡುಕಾಟದಲ್ಲಿ ತೊಡಗಿದವನಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗ್ರಂಥಾಲಯವು 2018ರಲ್ಲಿ ತೆರೆದ ಗುಂಡರ್ಟ್ ಜಾಲತಾಣವು ಎದುರಾಗಬಹುದು. ಮಲಯಾಳದ ಕೋಶಕಾರ ಹರ್ಮನ್ ಗುಂಡರ್ಟರ ಹೆಸರಿನಲ್ಲಿರುವ ಆ ತಾಣದಲ್ಲಿ ಮಲಯಾಳದೊಡನೆ ಕನ್ನಡ, ತುಳು ಮೊದಲಾದ ಭಾಷೆಗಳ ಹಳೆಯ ಬರಹಗಳೂ ಯಾರು ಬೇಕಾದರೂ ಓದುವಂತೆ ದೊರೆಯುತ್ತವೆ. ಆ ಗುಂಡರ್ಟರ ಗೆಳೆಯರೂ ಸಹೋದ್ಯೋಗಿಗಳೂ ಆಗಿದ್ದ ಇನ್ನೊಬ್ಬ ಹರ್ಮನ್‌ರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಹರ್ಮನ್ ಫ್ರೆಡರಿಕ್ ಮೋಗ್ಲಿಂಗರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಪರೀಕ್ಷೆ ಮುಗಿದೊಡನೆ ಆ ಹೆಸರು ಮರೆಯುತ್ತದೆ. ಆದರೆ ಕಲಿಯುವವನ ಕೈಗೆ ಯಾವ ಸಾಧನವನ್ನು ಕೊಡಬೇಕು, ಅದನ್ನು ಹೇಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಜೀವಮಾನವೆಲ್ಲ ಎದುರಿಸಿದ ಈ ಮನುಷ್ಯನ ಬಾಳಿನಲ್ಲಿ ಇಂದಿನವರು ಕಲಿಯಬೇಕಾದದ್ದು ಬಹಳವಿದೆ. ಅವರ ಗೆಲುವಿನಿಂದ ಎಷ್ಟೋ, ಅವರ ಸೋಲಿನಿಂದಲೂ ಅಷ್ಟೇ.

ಮೋಗ್ಲಿಂಗರು ಹುಟ್ಟಿದ್ದು 1811ನೆಯ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ. ದೇವತಾಶಾಸ್ತ್ರವನ್ನು ಓದಿದ್ದು ಟ್ಯೂಬಿಂಗನ್ನಿನಲ್ಲಿ. ಗ್ರೀಕ್ ಲ್ಯಾಟಿನ್ ಹೀಬ್ರೂ ಭಾಷೆಗಳ ಕಟ್ಟುನಿಟ್ಟಾದ ವ್ಯಾಸಂಗ, ಮೂಲಗ್ರಂಥವನ್ನು ನೋಡದೆ ಮಾತನಾಡಬಾರದೆಂಬ ವಿದ್ಯಾಶಿಸ್ತು, ಜೊತೆಗೆ ಭಕ್ತಿಪಂಥದ ಆವೇಶ. ಈ ಮೂರೂ ಕೂಡಿದ ವಾತಾವರಣ ಅದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿಯೇ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ನೆಲೆಯೂರಿದ್ದರು. 1836ರಲ್ಲಿ ಮೋಗ್ಲಿಂಗರು ಅವರನ್ನು ಕೂಡಿಕೊಂಡರು. ಆಗ ಅವರ ವಯಸ್ಸು ಇಪ್ಪತ್ತೈದು.

ಅವರು ಬಂದಿಳಿದ ಕನ್ನಡನಾಡು ಯಾವ ಸ್ಥಿತಿಯಲ್ಲಿತ್ತು? ಮಂಗಳೂರಿನ ಸೀಮೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು, ಧಾರವಾಡ ಮುಂಬಯಿಗೆ. ಮೈಸೂರಿನ ಆಡಳಿತ 1831ರಿಂದ ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿತ್ತು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾಗಿ ಆ ನಾಡೂ ಕಂಪೆನಿಯ ವಶವಾಗಿತ್ತು. ಈಶಾನ್ಯದ ಕನ್ನಡಿಗರು ನಿಜಾಮನ ಪ್ರಜೆಗಳು. ಹೀಗೆ ಹರಿದು ಹಂಚಿಹೋಗಿದ್ದ ಜನರನ್ನು ಒಂದುಗೂಡಿಸುವುದಕ್ಕೆ ಭಾಷೆಯೊಂದಿತ್ತು. ಆ ಭಾಷೆಯಲ್ಲಿ ಎಲ್ಲರೂ ಓದಬಹುದಾದ ಹಾಳೆಯೊಂದು ಮಾತ್ರ ಇರಲಿಲ್ಲ. ಕಾವ್ಯಗಳಿಗೇನು ಬರವಿರಲಿಲ್ಲ. ಆದರೆ ಅವು ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಯ ಅಟ್ಟಗಳಲ್ಲಿ ಓಲೆಯ ಕಟ್ಟುಗಳಾಗಿ ಮಲಗಿದ್ದುವು. ಒಂದು ಪ್ರತಿ ಬೇಕಾದರೆ ಲಿಪಿಕಾರನೊಬ್ಬ ತಿಂಗಳುಗಟ್ಟಲೆ ಕುಳಿತು ಬರೆಯಬೇಕು. ಬರೆದ ಪ್ರತಿಯಲ್ಲಿ ಹೊಸ ತಪ್ಪುಗಳು ನುಸುಳುತ್ತಿದ್ದುವು. ಗೆದ್ದಲು ತಿಂದ ಗರಿಗೆ ಪ್ರತಿಯಿಲ್ಲದಿದ್ದರೆ ಆ ಪದ್ಯ ಹೋದಂತೆಯೇ ಸರಿ. ವಿಲಿಯಂ ರೀವನ ಕನ್ನಡ ನಿಘಂಟು ಹೊರಬಂದಿತ್ತು, ಬೈಬಲ್ಲಿನ ಅನುವಾದ ಅಚ್ಚಾಗಿತ್ತು. ಇಂಥ ಕೆಲವನ್ನು ಬಿಟ್ಟರೆ ಕನ್ನಡದಲ್ಲಿ ಅಚ್ಚಿನ ಪುಸ್ತಕವೆಂಬುದು ಅಪರೂಪದ ವಸ್ತುವಾಗಿತ್ತು.

ಹೀಗಾಗಿ ಮೋಗ್ಲಿಂಗರು ಕನ್ನಡವನ್ನು ಕಲಿತದ್ದು ಮುನ್ಷಿಗಳ ಬಾಯಿಂದ, ಸಂತೆಬೀದಿಯ ಜನರಿಂದ, ಓಲೆಗರಿಗಳಿಂದ. ಮಂಗಳೂರಿನಲ್ಲಿಯೂ ಧಾರವಾಡ ಹುಬ್ಬಳ್ಳಿಗಳಲ್ಲಿಯೂ ಓಡಾಡಿ, ಕರಾವಳಿಯ ನುಡಿಗೂ ಘಟ್ಟದ ಮೇಲಿನ ನುಡಿಗೂ ಇರುವ ಅಂತರವನ್ನು ಕಿವಿಯಾರೆ ಕೇಳಿಕೊಂಡರು. ತಾವು ಕಲಿಯುವಾಗ ಪಟ್ಟ ಕಷ್ಟವೇ ಮುಂದೆ ಅವರ ಕೆಲಸಕ್ಕೆ ದಾರಿ ತೋರಿಸಿತೆಂದು ತೋರುತ್ತದೆ. ಮಂಗಳೂರಿನಲ್ಲಿ ಹುಡುಗರಿಗಾಗಿ ಶಾಲೆಯನ್ನು ನಡೆಸತೊಡಗಿದಾಗ ಅದೇ ಕೊರತೆ ಮತ್ತೆ ಎದುರಾಯಿತು. ಶಿಷ್ಯರ ಕೈಗೆ ಕೊಡಲು ಪುಸ್ತಕಗಳಿರಲಿಲ್ಲ.

ಆ ಕೊರತೆಗೆ ಪರಿಹಾರವಾಗಿ ಬಂದದ್ದು ಒಂದು ಕಲ್ಲು. 1841ರಲ್ಲಿ ಮೋಗ್ಲಿಂಗರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆಯವರು ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವೊಂದನ್ನೂ ಅದನ್ನು ಬಲ್ಲ ಇಬ್ಬರು ಮರಾಠಿ ಮುದ್ರಕರನ್ನೂ ಮಂಗಳೂರಿಗೆ ಕರೆತಂದರು. ಈ ಶಿಲಾಮುದ್ರಣದ ವಿದ್ಯೆಯನ್ನು ಬವೇರಿಯದ ಆಲೋಯಿಸ್ ಸೆನೆಫೆಲ್ಡರ್ ಎಂಬಾತ 1796ರ ಸುಮಾರಿಗೆ ಕಂಡುಹಿಡಿದಿದ್ದ. ಎಣ್ಣೆಗೂ ನೀರಿಗೂ ಆಗದೆಂಬ ಸಾಮಾನ್ಯ ಸಂಗತಿಯೇ ಅದರ ಬುನಾದಿ. ಜಿಡ್ಡಿನ ಮಸಿಯಿಂದ ಕಾಗದದ ಮೇಲೆ ಬರೆದುದನ್ನು ನುಣ್ಣನೆಯ ಸುಣ್ಣಗಲ್ಲಿಗೆ ಒತ್ತಿದರೆ ಬರೆಹವು ತಿರುಗುಮುರುಗಾಗಿ ಕಲ್ಲಿಗೆ ಹತ್ತುತ್ತದೆ. ಕಲ್ಲನ್ನು ನೀರಿನಿಂದ ಒದ್ದೆಮಾಡಿ ಮಸಿಯ ಉರುಳೆಯನ್ನು ಹಾಯಿಸಿದರೆ, ಒದ್ದೆಯಾದ ಕಲ್ಲು ಮಸಿಯನ್ನು ಒಲ್ಲೆನ್ನುತ್ತದೆ, ಜಿಡ್ಡಿನ ಅಕ್ಷರಗಳು ಅದನ್ನು ಹೀರಿಕೊಳ್ಳುತ್ತವೆ. ಅದರ ಮೇಲೆ ಕಾಗದವಿಟ್ಟು ಒತ್ತಿದರೆ ಲಿಪಿಕಾರನ ಕೈಬರೆಹವೇ ಅಚ್ಚಾಗಿ ಮೂಡುತ್ತದೆ. ಒಂದು ಪ್ರತಿಗೆ ತಗಲುತ್ತಿದ್ದ ಶ್ರಮದಲ್ಲಿ ನೂರಾರು ಪ್ರತಿಗಳು.

ಕನ್ನಡಕ್ಕೆ ಈ ಕಲ್ಲಚ್ಚು ಒಗ್ಗಿದ್ದೇಕೆಂಬುದನ್ನು ಗಮನಿಸಬೇಕು. ಸೀಸದ ಮೊಳೆಗಳಿಂದ ಇಂಗ್ಲಿಷನ್ನು ಅಚ್ಚುಮಾಡಲು ಕೆಲವು ಹತ್ತು ಅಕ್ಷರರೂಪಗಳಿದ್ದರೆ ಸಾಕು. ಕನ್ನಡದಲ್ಲಿ ಕಾಗುಣಿತವೇ ಒಂದು ಸಂಸಾರ. ಅದಕ್ಕೆ ಒತ್ತಕ್ಷರಗಳು ಸೇರಿದರೆ ನೂರಾರು ಮೊಳೆಗಳನ್ನು ಕೊರೆಯಬೇಕು, ಎರಕ ಹೊಯ್ಯಬೇಕು. ಅದಕ್ಕೆ ಹಣ ಬೇಕು, ಕುಶಲಿಗಳು ಬೇಕು. ಕಲ್ಲಚ್ಚಿಗಾದರೋ ಅಂದವಾಗಿ ಬರೆಯಬಲ್ಲ ಒಬ್ಬ ಲಿಪಿಕಾರನಿದ್ದರೆ ಸಾಕು. ಹಳೆಯ ವಿದ್ಯೆಯನ್ನು ಬಲ್ಲವನನ್ನು ಮೂಲೆಗೆ ತಳ್ಳದೆ, ಅವನ ಕೈಯನ್ನೇ ಹೊಸ ಯಂತ್ರಕ್ಕೆ ಬಳಸಿಕೊಂಡ ಸಾಧನ ಅದು. ಒಂದೂವರೆ ಶತಮಾನದ ಮೇಲೆ ಗಣಕಯಂತ್ರಕ್ಕೆ ಕನ್ನಡವನ್ನು ಕಲಿಸಹೊರಟವರಿಗೂ ಇದೇ ಕಾಗುಣಿತ, ಇದೇ ಒತ್ತಕ್ಷರಗಳು ಎದುರಾದುವೆಂಬುದನ್ನು ನೆನೆದರೆ ಈ ಆಯ್ಕೆಯ ಜಾಣ್ಮೆ ತಿಳಿಯುತ್ತದೆ. ಧ್ವನಿಯ ಕ್ರಮವನ್ನನುಸರಿಸಿ ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರೇ ಆಗಿರುವುದು ಒಂದು ಸೊಗಸಾದ ಯೋಗಾಯೋಗ.

1843ನೆಯ ಜುಲೈ ಒಂದನೆಯ ತಾರೀಖು ಆ ಕಲ್ಲಿನಿಂದ ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಮೂಡಿತು. ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟಗಳ ಹಾಳೆ, ಬೆಲೆ ಅತ್ಯಲ್ಪ. ಮೊದಲ ಕನ್ನಡ ಪತ್ರಿಕೆಯೆಂದು ಇದನ್ನು ಗೌರವಿಸಿ ಜುಲೈ ಒಂದನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಆ ಪತ್ರಿಕೆಯಲ್ಲಿ ಏನಿತ್ತು? ಊರಿನ ವರ್ತಮಾನವಿತ್ತು; ಸರಕಾರದ ನಿರೂಪಗಳ ತಿಳಿವಳಿಕೆಯಿತ್ತು; ದೂರದೇಶಗಳ ಸುದ್ದಿಯಿತ್ತು; ಗಾದೆಗಳು, ಕಥೆಗಳು, ಹಾಡುಗಳು ಇದ್ದುವು. ಪಾದ್ರಿಗಳು ನಡೆಸುವ ಪತ್ರಿಕೆಯಾದ್ದರಿಂದ ಅವರ ಮತದ ಬೋಧನೆಗೂ ಸ್ಥಳವಿತ್ತು. ಆದರೆ ಬೋಧನೆಯೊಂದನ್ನೇ ತುಂಬಿದ ಹಾಳೆಯನ್ನು ಯಾರೂ ಕೊಳ್ಳಲಾರರು, ಕೊಂಡರೂ ಓದಲಾರರೆಂಬುದನ್ನು ಮೋಗ್ಲಿಂಗರು ಚೆನ್ನಾಗಿ ಅರಿತಿದ್ದರು. ಕಂದಾಯದ ಕಟ್ಟಳೆಯನ್ನು ಸ್ವತಃ ಓದಿ ತಿಳಿಯಬಲ್ಲ ರೈತ ಶಾನುಭೋಗನ ಮಾತಿಗೆ ಕಾಯಬೇಕಾಗಿಲ್ಲ. ಗಾದೆಯನ್ನು ಬಾಯಲ್ಲಿ ಆಡುತ್ತಿದ್ದ ಹುಡುಗ ಅದನ್ನೇ ಅಚ್ಚಿನಲ್ಲಿ ಕಂಡಾಗ ಓದು ಅವನಿಗೆ ಆಟವಾಗುತ್ತದೆ. ಉಪಯೋಗವೂ ವಿನೋದವೂ ಒಂದೇ ಹಾಳೆಯಲ್ಲಿ ಕೈಹಿಡಿದು ನಡೆಯಬೇಕೆಂಬ ಈ ಸೂತ್ರವನ್ನು ಇಂದಿನ ಕಲಿಕೆಯ ತಂತ್ರಾಂಶಗಳನ್ನು ಮಾಡುವವರು ಹೊಸ ಶೋಧವೆಂಬಂತೆ ಹೇಳಿಕೊಳ್ಳುವುದುಂಟು. ಕನ್ನಡದ ಮೊದಲ ಪತ್ರಿಕೆಯ ಪುಟಗಳಲ್ಲಿಯೇ ಅದು ಇತ್ತು.

ಕಲ್ಲಚ್ಚಿಗೂ ಒಂದು ಮಿತಿಯುಂಟು. ಪ್ರತಿ ಸಂಚಿಕೆಯನ್ನೂ ಕೈಯಿಂದ ಬರೆದೇ ತೀರಬೇಕು; ಪ್ರತಿಗಳು ಹೆಚ್ಚಿದಂತೆ ಅಕ್ಷರ ಮಸುಕಾಗುತ್ತದೆ. ಓದುಗರು ಘಟ್ಟದ ಮೇಲೆಯೂ ದೊರೆಯಬಹುದೆಂಬ ಭರವಸೆ ಮೂಡಿದಾಗ 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಯಿತು. ಅಲ್ಲಿ ಲಂಡನ್ ಮಿಶನ್ನಿನ ಮುದ್ರಣಾಲಯದಲ್ಲಿ ಕನ್ನಡದ ಮೊಳೆಗಳಿದ್ದುವು. ಊರು ಬದಲಾದೊಡನೆ ಹೆಸರೂ ಬದಲಾಗಿ ಅದು ಕನ್ನಡ ಸಮಾಚಾರವಾಯಿತು. ಹೆಸರಿನ ಈ ಬದಲಾವಣೆ ಸಣ್ಣದಲ್ಲ. ಒಂದು ಊರಿನ ಹೆಸರನ್ನು ಹೊತ್ತ ಹಾಳೆ ಒಂದು ಭಾಷೆಯ ಹೆಸರನ್ನು ಹೊತ್ತಿತು. ನಾಲ್ಕಾರು ಸರಕಾರಗಳ ಕೆಳಗೆ ಚದರಿದ್ದ ಜನರನ್ನು ಒಂದೇ ಓದುಗ ಸಮುದಾಯವೆಂದು ಭಾವಿಸಿತು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ. ಕಲ್ಪನೆ ಬಾಳಿತು.

ಇದೇ 1844ರಲ್ಲಿ ಮೋಗ್ಲಿಂಗರ ಬಾಳಿನ ಅತ್ಯಂತ ಕಠಿಣವಾದ ಘಟನೆಯೂ ನಡೆಯಿತು. ಅದನ್ನು ಮುಚ್ಚಿಟ್ಟು ಅವರ ಚರಿತ್ರೆಯನ್ನು ಬರೆದರೆ ಅದು ಬರಿಯ ಹೊಗಳಿಕೆಯಾದೀತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರು ಕೆಲವರು, ಅವರಲ್ಲಿ ಆನಂದರಾವ್ ಕೌಂಡಿಣ್ಯ ಎಂಬವರು ಮುಖ್ಯರು, ಆ ವರ್ಷ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರು ಕೋಲಾಹಲವಾಯಿತು. ವಿದ್ಯೆಗೆಂದು ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳು ಬೆಚ್ಚಿ ಅವರನ್ನು ಶಾಲೆಯಿಂದ ಬಿಡಿಸಿಕೊಂಡರು. ಮೋಗ್ಲಿಂಗರ ದೃಷ್ಟಿಯಲ್ಲಿ ಅದು ಅವರ ಜೀವಿತಕಾರ್ಯದ ಸಾಫಲ್ಯ. ಆ ಮನೆಗಳ ದೃಷ್ಟಿಯಲ್ಲಿ ಅದು ಮಗನನ್ನು ಕಳೆದುಕೊಂಡ ದುಃಖ. ಕೌಂಡಿಣ್ಯರು 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ, ಮರಳಿ ಬಂದು ಪಾದ್ರಿಯೂ ಉಪಾಧ್ಯಾಯರೂ ಆಗಿ ದುಡಿದರು. ಆದರೆ ಶಾಲೆಯ ಬಾಗಿಲಲ್ಲಿ ಒಮ್ಮೆ ಕುಸಿದ ವಿಶ್ವಾಸವನ್ನು ಮತ್ತೆ ಎತ್ತಿ ನಿಲ್ಲಿಸುವುದು ಸುಲಭವಾಗಿರಲಿಲ್ಲ. ವಿದ್ಯೆಯನ್ನು ಕೊಡುವವನಿಗೆ ಬೇರೊಂದು ಉದ್ದೇಶವಿರುವುದು ತಿಳಿದುಬಂದಾಗ ವಿದ್ಯೆಯ ಮೇಲೆಯೇ ಸಂಶಯ ಹುಟ್ಟುತ್ತದೆ. ಇದು ಆ ಕಾಲಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಸ್ವದೇಶದಿಂದ ಹಿಂದಿರುಗಿದ ಮೇಲೆ ಮೋಗ್ಲಿಂಗರು ಕೈಗೊಂಡ ಕಾರ್ಯವೇ ಅವರ ಹೆಸರನ್ನು ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಉಳಿಸಿತು. ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರಿಗೆ ಕನ್ನಡದಲ್ಲಿ ಆಸಕ್ತಿಯಿತ್ತು. ಹಳೆಯ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚುಮಾಡುವುದಾದರೆ ಹಣವನ್ನು ತಾವು ಕೊಡುವುದಾಗಿ ಅವರು ಮುಂದೆ ಬಂದರು. ಹೊಸದಾಗಿ ಬರುವ ಪಾದ್ರಿಗಳಿಗೂ ಅಧಿಕಾರಿಗಳಿಗೂ ಒಳ್ಳೆಯ ಕನ್ನಡವನ್ನು ಕಲಿಯಲು ಪಠ್ಯಗಳು ಬೇಕಾಗಿದ್ದುವು. ಹೀಗೆ ಹುಟ್ಟಿತು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ. 1848ರಿಂದ 1853ರ ವರೆಗೆ ಅದರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ರಾವಣದಿಗ್ವಿಜಯವೆಂಬ ಯಕ್ಷಗಾನ ಮೊದಲಾದ ಕೃತಿಗಳು ಹೊರಬಂದುವು. ದಾಸರ ಪದಗಳು 1850ರಲ್ಲಿ ಅಚ್ಚಾದುವು. ಅಲ್ಲಿಯ ತನಕ ಭಜನೆಯ ಮನೆಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬರುತ್ತಿದ್ದ ಪುರಂದರ ಕನಕಾದಿಗಳ ಹಾಡುಗಳಿಗೆ ಅದೇ ಮೊದಲ ಅಚ್ಚಿನ ಸಂಗ್ರಹ.

ಈ ಪಟ್ಟಿಯನ್ನು ಒಂದು ಕ್ಷಣ ನಿಂತು ನೋಡೋಣ. ಶಿವಶರಣರ ಪುರಾಣಗಳು, ಹರಿದಾಸರ ಕೀರ್ತನೆಗಳು, ಬಯಲಾಟದ ಪ್ರಸಂಗ. ಇವುಗಳಲ್ಲಿ ಒಂದೂ ಮೋಗ್ಲಿಂಗರ ಮತಕ್ಕೆ ಸೇರಿದ್ದಲ್ಲ. ಯಾವ ನಂಬಿಕೆಗಳನ್ನು ಬಿಡಿಸಬೇಕೆಂದು ಅವರು ಸಮುದ್ರವನ್ನು ದಾಟಿ ಬಂದಿದ್ದರೋ ಅದೇ ನಂಬಿಕೆಗಳ ಹಾಡನ್ನು ಓಲೆಯಿಂದ ಎತ್ತಿ, ಪಂಡಿತರ ನೆರವಿನಿಂದ ಓದಿ, ಕಲ್ಲಿಗಿಳಿಸಿ, ಸಾವಿರ ಕೈಗಳಿಗೆ ತಲಪಿಸಿದರು. ಅವರು ಹೀಗೇಕೆ ಮಾಡಿದರು? ಜನರ ಮನಸ್ಸನ್ನು ಅರಿಯಲು ಅವರ ಸಾಹಿತ್ಯವೇ ದಾರಿಯೆಂಬ ಲೆಕ್ಕಾಚಾರವಿದ್ದಿರಬೇಕು. ಲೆಕ್ಕಾಚಾರ ಮಾತ್ರವೇ ಇದ್ದಿದ್ದರೆ ಒಂದೆರಡು ಪುಸ್ತಕಗಳಿಗೆ ಕೆಲಸ ನಿಲ್ಲುತ್ತಿತ್ತು. ಜ್ವರದಿಂದ ಬಳಲುವ ಕರಾವಳಿಯ ಸೆಕೆಯಲ್ಲಿ ಕುಳಿತು ಷಟ್ಪದಿಯ ಮಾತ್ರೆಗಳನ್ನು ಎಣಿಸಿ ಪಾಠ ತಿದ್ದುವವನಿಗೆ ಭಾಷೆಯ ಮೇಲೆ ಪ್ರೀತಿ ಹುಟ್ಟದೆ ಇರಲಾರದು. ಪರದೇಶದವರು ಕನ್ನಡವನ್ನು ಹತ್ತಲೆಂದು ಇಟ್ಟ ಏಣಿ ಅದು. ಕಾಲಾಂತರದಲ್ಲಿ ಕನ್ನಡಿಗರೇ ತಮ್ಮ ಅಟ್ಟವನ್ನು ಹತ್ತಿ ನೋಡಲು ಅದು ಒದಗಿತು.

1852ರ ವೇಳೆಗೆ ಮೋಗ್ಲಿಂಗರ ಆರೋಗ್ಯ ಕೆಟ್ಟಿತ್ತು. ಯೂರೋಪಿಗೆ ಹಿಂದಿರುಗುವ ಯೋಚನೆ ನಡೆದಿತ್ತು. ಅಷ್ಟರಲ್ಲಿ ಕೊಡಗಿನಿಂದ ಸನ್ಯಾಸಿಯ ವೇಷದಲ್ಲಿ ಮಂಗಳೂರಿಗೆ ಬಂದಿದ್ದ ಆಲ್ಮಂಡ ಮನೆತನದ ಸೋಮಯ್ಯನವರ ಪರಿಚಯವಾಯಿತು. ಊರಿಗೆ ಹೋಗಬೇಕಾದ ಮೋಗ್ಲಿಂಗರು ಸೋಮಯ್ಯನವರ ಜೊತೆಗೆ ಘಟ್ಟವನ್ನು ಹತ್ತಿ ಕೊಡಗಿಗೆ ಹೊರಟರು. ಬಾಸೆಲಿನ ಸಮಿತಿಯ ಯೋಜನೆಯಲ್ಲಿ ಇಲ್ಲದ ಪ್ರಯಾಣ ಅದು. 1853ರಲ್ಲಿ ಸೋಮಯ್ಯನವರು ಕ್ರೈಸ್ತರಾದರು. ಕುಲದವರ ವಿರೋಧ, ಐನ್‌ಮನೆಯ ಹಕ್ಕುಗಳ ಪ್ರಶ್ನೆ, ನೆರೆಯವರ ಮುನಿಸು ಇವೆಲ್ಲದರ ನಡುವೆ ಮೋಗ್ಲಿಂಗರು ಆ ಸೀಮೆಯಲ್ಲಿಯೇ ಕೆಲವು ವರ್ಷ ನಿಂತರು.

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಭೂಮಿಗೆ ಕಟ್ಟುಬಿದ್ದ ಹೊಲೆಯರ ಬಾಳು. ಜಮ್ಮಾ ಭೂಮಿ ಕೈಬದಲಾದರೆ ಅದರೊಡನೆ ದುಡಿಯುವ ಜನರೂ ಕೈಬದಲಾಗುವ ಪದ್ಧತಿ ನಡೆದುಬಂದಿತ್ತು. ಮನುಷ್ಯನನ್ನು ಸ್ವತ್ತೆಂದು ನ್ಯಾಯಾಲಯಗಳು ಎಣಿಸಕೂಡದೆಂಬ ಕಾನೂನನ್ನು ಕಂಪೆನಿಯ ಸರಕಾರ 1843ರಲ್ಲಿ, ಮಂಗಳೂರ ಸಮಾಚಾರ ಹುಟ್ಟಿದ ವರ್ಷದಲ್ಲಿಯೇ, ಮಾಡಿತ್ತು. ಆದರೆ ಕಾನೂನನ್ನು ಓದಬಲ್ಲವರಿಗೆ ಮಾತ್ರ ಅದು ಗೊತ್ತು. ಗದ್ದೆಯಲ್ಲಿ ನಿಂತವನಿಗೆ ಗೊತ್ತಿಲ್ಲ. ಅಮ್ಮತ್ತಿ ಸಿದ್ದಾಪುರಗಳ ಕಡೆಯಲ್ಲಿ ಈ ಜನರಿಗಾಗಿ ಒಂದು ನೆಲೆ ಏರ್ಪಟ್ಟಿತು. ಅದೇ ಆನಂದಪುರ. ಸುಂಟಿಕೊಪ್ಪದಿಂದ ಚೆಟ್ಟಳ್ಳಿಯ ದಾರಿಯಾಗಿ ಸಿದ್ದಾಪುರಕ್ಕೆ ಹೋಗುವ ಪ್ರಯಾಣಿಕನು ಇಂದು ಕಾಣುವ ಕಾಫಿ ತೋಟಗಳ ಸೀಮೆಯೇ ಅದು. ಅಕ್ಷರವನ್ನು ಮುಟ್ಟಬಾರದೆಂದು ತಲೆತಲಾಂತರದಿಂದ ದೂರವಿಡಲ್ಪಟ್ಟವರಿಗೆ ಅಲ್ಲಿ ಸ್ವಂತ ಮನೆಯೂ ಮಕ್ಕಳಿಗೆ ಪಾಠವೂ ದೊರೆತುವು. ಮಂಗಳೂರಿನಲ್ಲಿ ವಿದ್ಯೆಯಿದ್ದವರು ಪಾದ್ರಿಯ ಶಾಲೆಯನ್ನು ಬಿಟ್ಟುಹೋದರು. ಇಲ್ಲಿ ವಿದ್ಯೆಯಿಲ್ಲದವರಿಗೆ ಆ ಶಾಲೆ ಮೊದಲ ಬಾಗಿಲಾಯಿತು. ಒಂದೇ ಸಾಧನ, ಒಂದೇ ಉದ್ದೇಶ. ಆದರೆ ಪಡೆಯುವವನ ಸ್ಥಿತಿ ಬೇರೆಯಾದಾಗ ಅದರ ಬೆಲೆಯೂ ಬೇರೆಯಾಯಿತು.

ಕೊಡಗು ಮೋಗ್ಲಿಂಗರಿಂದ ಎರಡು ಪುಸ್ತಕಗಳನ್ನು ಪಡೆಯಿತು. ನಾಡಿನ ಭೂಮಿ, ಜನ, ಹಬ್ಬ, ಅರಸರ ಚರಿತ್ರೆ, ಅದರೊಡನೆ ತಮ್ಮ ಮತಕಾರ್ಯದ ವೃತ್ತಾಂತ ಇವನ್ನೆಲ್ಲ ಒಳಗೊಂಡ ಕೂರ್ಗ್ ಮೆಮಾಯ್ರ್ಸ್ ಎಂಬ ಇಂಗ್ಲಿಷ್ ಗ್ರಂಥವು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಎರಡನೆಯದು ರಾಜೇಂದ್ರನಾಮೆ. ದೊಡ್ಡವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಿಸಿದ್ದ; ಅದು ಕೈಬರೆಹದಲ್ಲಿಯೇ ಉಳಿದಿತ್ತು. ಮೋಗ್ಲಿಂಗರು ಅದನ್ನು 1857ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುತ್ತಿದ್ದ ಜನ, ಅರಮನೆಯ ಕಾಗದಪತ್ರಗಳಿಗೆ ಕನ್ನಡವನ್ನು ಬಳಸುತ್ತಿದ್ದ ನಾಡು. ಅದರ ಚರಿತ್ರೆ ಅರಮನೆಯಿಂದ ಹೊರಬಂದು ಓದಲು ಬಲ್ಲ ಯಾರಿಗೂ ಸಿಗುವಂತಾಯಿತು. ಮಡಿಕೇರಿಯಲ್ಲಿ ಶಾಲೆಯ ಕೆಲಸವನ್ನು ವಹಿಸಿಕೊಂಡ ಜಾರ್ಜ್ ರಿಕ್ಟರ್ ಅವರು 1870ರಲ್ಲಿ ಪ್ರಕಟಿಸಿದ ಮ್ಯಾನ್ಯುಅಲ್ ಆಫ್ ಕೂರ್ಗ್ ಎಂಬ ಪ್ರಸಿದ್ಧ ಗ್ರಂಥವು ಇದೇ ದಾರಿಯಲ್ಲಿ ಮುಂದೆ ಸಾಗಿದ್ದು.

ಮೋಗ್ಲಿಂಗರ ಈ ಸಾಹಿತ್ಯಸೇವೆಯನ್ನು ಮೆಚ್ಚಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಕನ್ನಡದ ಕೆಲಸಕ್ಕಾಗಿ ಒಬ್ಬ ವಿದ್ವಾಂಸನು ಯೂರೋಪಿನ ವಿಶ್ವವಿದ್ಯಾನಿಲಯದಿಂದ ಅಂಥ ಗೌರವವನ್ನು ಪಡೆದದ್ದು ಆ ಕಾಲಕ್ಕೆ ಅಸಾಧಾರಣವಾದ ಸಂಗತಿ. ಗೆಳೆಯ ವೈಗ್ಲೆ 1855ರಲ್ಲಿಯೇ ತೀರಿಕೊಂಡಿದ್ದರು; ಅವರ ವಿಧವೆ ಪೌಲೀನರನ್ನು ಮೋಗ್ಲಿಂಗರು ಮದುವೆಯಾಗಿದ್ದರು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಅವರು ಭಾರತವನ್ನು ಬಿಟ್ಟರು. ಮತ್ತೆ ಬರಲಾಗಲಿಲ್ಲ. ಆದರೆ ಕನ್ನಡ ಅವರನ್ನು ಬಿಡಲಿಲ್ಲ. ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ 1860ರಿಂದ ಮೊದಲ್ಗೊಂಡು ದಾಸರ ಹಾಡುಗಳನ್ನು ಜರ್ಮನ್ ಅನುವಾದದೊಡನೆ ಪ್ರಕಟಿಸಿದರು. ಯಾವ ಹಾಡುಗಳನ್ನು ಮಂಗಳೂರಿನ ಕಲ್ಲಿಗಿಳಿಸಿದ್ದರೋ ಅವು ಈಗ ಯೂರೋಪಿನ ವಿದ್ವಾಂಸರ ಮೇಜಿನ ಮೇಲೆ ಬಂದುವು. 1881ನೆಯ ಮೇ 10ರಂದು ಎಸ್ಲಿಂಗನ್ ಎಂಬಲ್ಲಿ ಅವರು ನಿಧನ ಹೊಂದಿದಾಗ ಎಪ್ಪತ್ತು ತುಂಬಲು ಕೆಲವೇ ದಿನಗಳು ಉಳಿದಿದ್ದುವು.

ಅವರ ಕೆಲಸದ ಹೊಲದಲ್ಲಿ ಬೆಳೆ ತೆಗೆದವರು ಮುಂದಿನವರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲರು ನಾಲ್ಕು ದಶಕಗಳ ತಪಸ್ಸಿನಿಂದ ಸಿದ್ಧಗೊಳಿಸಿದ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಅಚ್ಚಿನ ಕಾವ್ಯಗಳಿಲ್ಲದೆ ಅಂಥ ನಿಘಂಟನ್ನು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಕೋಶರಚನೆಯನ್ನು ಬಲ್ಲವರು ಊಹಿಸಬಲ್ಲರು. ಇಪ್ಪತ್ತನೆಯ ಶತಮಾನದಲ್ಲಿ ಡಾ. ಶ್ರೀನಿವಾಸ ಹಾವನೂರರು ಮಿಶನ್ನಿನ ಹಳೆಯ ಕಾಗದಪತ್ರಗಳನ್ನು ಶೋಧಿಸಿ, 1974ರಲ್ಲಿ ಪ್ರಕಟವಾದ ತಮ್ಮ ಹೊಸಗನ್ನಡದ ಅರುಣೋದಯ ಗ್ರಂಥದಲ್ಲಿ ಈ ಕಾಲದ ಸಾಹಿತ್ಯವನ್ನು ಬೆಳಕಿಗೆ ತಂದರು. ಮಂಗಳೂರ ಸಮಾಚಾರದ ಉಳಿದ ಪ್ರತಿಗಳನ್ನು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಚ್ಯಸಂಗ್ರಹದಲ್ಲಿ ಕಾಪಾಡಿದ್ದಾರೆ.

ಸಾಧನಗಳ 1991ರ ಬಳಿಕದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ಥಾನ ದೊರೆಯಿತು. 1998ರಲ್ಲಿ ಬಂದ ಬರಹ, ಅನಂತರದ ನುಡಿ ಮುಂತಾದ ತಂತ್ರಾಂಶಗಳು ಸಾಮಾನ್ಯ ಜನರಿಗೂ ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲು ಸಾಧ್ಯಮಾಡಿದುವು. ಮೋಗ್ಲಿಂಗರ ಕೂರ್ಗ್ ಮೆಮಾಯ್ರ್ಸ್ ಈಗ ಅಂತರ್ಜಾಲದಲ್ಲಿ ಪುಟಪುಟವಾಗಿ ಓದಲು ದೊರೆಯುತ್ತದೆ. ಯಾವ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಪದವಿಯನ್ನು ಕೊಟ್ಟಿತೋ ಅದೇ ವಿಶ್ವವಿದ್ಯಾನಿಲಯವು 2018ರಲ್ಲಿ ಅವರ ಪೀಳಿಗೆಯ ಬರಹಗಳನ್ನು ಜಗತ್ತಿಗೆ ಬಿಚ್ಚಿಟ್ಟಿತು. ಕನ್ನಡ, ಕೊಡವ, ಮಲಯಾಳ, ತುಳು, ತಮಿಳು ಇವೆಲ್ಲ ಒಂದೇ ಬೀದಿಯಲ್ಲಿ ಕೇಳಿಬರುವ ಸುಂಟಿಕೊಪ್ಪದಂಥ ಊರಿನ ಅಧ್ಯಾಪಕನಿಗೆ ಹಲವು ಭಾಷೆಗಳ ಅಂಥ ಭಂಡಾರಕ್ಕಿಂತ ಒಪ್ಪುವ ಪಾಠಸಾಮಗ್ರಿ ಬೇರೊಂದು ಸಿಗುವುದು ಕಷ್ಟ.

ಈ ಜೀವನದಿಂದ ನಾವು ತಿಳಿಯಬೇಕಾದುದೇನು? ಸಾಧನವನ್ನು ಆರಿಸುವಾಗ ಮೋಗ್ಲಿಂಗರು ಕಲಿಯುವವನ ಕಡೆಯಿಂದ ನೋಡಿದರು. ಅವನ ಜೇಬಿಗೆ ಎಟಕುವ ಬೆಲೆ, ಅವನ ಬಾಯಲ್ಲಿರುವ ನುಡಿ, ಅವನಿಗೆ ರುಚಿಸುವ ಕಥೆ ಗಾದೆ ಹಾಡುಗಳು. ಈ ಮೂರನ್ನು ಕೂಡಿಸಿದ ಕಡೆಯಲ್ಲೆಲ್ಲ ಅವರ ಕೆಲಸ ನಿಂತಿತು. ನಾಲ್ಕನೆಯದೊಂದಿತ್ತು, ಅದು ವಿಶ್ವಾಸ. ಅದು ಮುರಿದಾಗ ಶಾಲೆ ಬರಿದಾಯಿತು. ಇಂದು ಜಾಲತಾಣಗಳಲ್ಲಿ ಪಾಠಗಳೂ ತಂತ್ರಾಂಶಗಳೂ ಬೆಲೆಯಿಲ್ಲದೆ ಸಿಗುತ್ತವೆ. ಬೆಲೆಯಿಲ್ಲದೆ ಕೊಡುವವನಿಗೂ ತನ್ನದೊಂದು ಉದ್ದೇಶ ಇರುವುದುಂಟು. ಕೆಲವರಿಗೆ ಜಾಹೀರಾತು, ಕೆಲವರಿಗೆ ಕಲಿಯುವವನ ವಿವರಗಳು, ಕೆಲವರಿಗೆ ಅವನ ಅಭಿಪ್ರಾಯ ಬೇಕಾಗಿರುತ್ತದೆ. ಶುದ್ಧವಾದ ವಿದ್ಯಾಪ್ರೀತಿಯಿಂದ ಕೊಡುವವರೂ ಉಂಟು. ಕೊಡುವವನಾರು, ಏಕೆ ಕೊಡುತ್ತಾನೆ ಎಂದು ವಿಚಾರಿಸುವುದು ಅಧ್ಯಾಪಕನ ಧರ್ಮ. ವಿಚಾರಿಸಿದ ಮೇಲೆ ಸಾಧನವನ್ನೇ ದೂರ ಎಸೆಯುವುದು ಜಾಣತನವಲ್ಲ.

ನಮ್ಮ ಹಿಂದಿನವರು ಎಸೆಯಲಿಲ್ಲ. ಪಾದ್ರಿಯ ಬೋಧನೆಯನ್ನು ಬಹುಮಂದಿ ಒಪ್ಪಲಿಲ್ಲ. ಅವರು ತಂದ ಅಚ್ಚಿನ ವಿದ್ಯೆಯನ್ನು ಎಲ್ಲರೂ ಕಲಿತುಕೊಂಡರು. ಆ ವಿದ್ಯೆಯಿಂದ ವೀರಶೈವರು ತಮ್ಮ ವಚನಗಳನ್ನು, ಜೈನರು ತಮ್ಮ ಪುರಾಣಗಳನ್ನು, ಮಾಧ್ವರು ತಮ್ಮ ಕೀರ್ತನೆಗಳನ್ನು ಅಚ್ಚುಮಾಡಿಸಿಕೊಂಡರು. ಪತ್ರಿಕೆಗಳು ಹುಟ್ಟಿದುವು, ನಾಡು ಒಂದಾಗಬೇಕೆಂಬ ಮಾತು ಆ ಪತ್ರಿಕೆಗಳಲ್ಲಿಯೇ ಬೆಳೆದು 1956ರಲ್ಲಿ ಕೈಗೂಡಿತು. ಮೋಗ್ಲಿಂಗರು ಬಯಸಿದ್ದು ಇದನ್ನಲ್ಲ. ಆದರೂ ಇದರ ಆರಂಭದಲ್ಲಿ ಅವರಿದ್ದಾರೆ. ಕೊಟ್ಟವನ ಇಚ್ಛೆಯನ್ನು ಮೀರಿ ಪಡೆದವನ ಸ್ವತ್ತಾಗುವ ಶಕ್ತಿ ಒಳ್ಳೆಯ ಸಾಧನಕ್ಕಿದೆ. ಆ ಶಕ್ತಿಯನ್ನು ಅರಿತು ಬಳಸುವ ವಿವೇಕವನ್ನು ನಮ್ಮ ಹುಡುಗರಿಗೆ ಕಲಿಸಿದರೆ, ಮಂಗಳೂರಿನ ಕಲ್ಲಚ್ಚಿನ ಮುಂದೆ ಬೆನ್ನು ಬಗ್ಗಿಸಿ ಕುಳಿತು ಬರೆದ ಆ ಹೆಸರು ಉಳಿಯದ ಲಿಪಿಕಾರರ ದುಡಿಮೆಯೂ ಸಾರ್ಥಕವಾದೀತು.